ಚೆಸ್ ಕಂಪ್ಯೂಟರ್ ಬೋರ್ಡ್ ಬಳಸುವ ಕ್ರಮ: ಸೆಲ್ ಹಾಕುವುದರಿಂದ ಪೊಸಿಷನ್ ಕೂರಿಸುವವರೆಗೆ

ಕಾಯಿ ಸರಿಸಿದರೂ ಯಂತ್ರ ಸುಮ್ಮನೆ ಕೂತಿದೆ. ಸರಿಯಾದ ನಡೆಗೂ ಕೊರ್ ಎಂದು ಸದ್ದು ಮಾಡಿ ಒಲ್ಲೆ ಎನ್ನುತ್ತದೆ. ಬೋರ್ಡಿನ ಮೇಲೆ ಇಲ್ಲವೇ ಇಲ್ಲದ ಕಾಯಿಯಿಂದ ನಮ್ಮ ಆನೆಯನ್ನು ಹೊಡೆಯುತ್ತದೆ. ಚೆಸ್ ಕಂಪ್ಯೂಟರ್ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಇವು. ಸಾಮಾನ್ಯವಾಗಿ ಮೂರಕ್ಕೂ ಮೂಲ ಒಂದೇ.

ಒತ್ತುವ ಮಾದರಿಯ ಬೋರ್ಡಿಗೆ ಕಾಯಿಗಳು ಕಾಣುವುದಿಲ್ಲ. ಪ್ರತಿ ಮನೆಯ ಕೆಳಗೆ ಒಂದು ತೆಳು ಸ್ವಿಚ್ ಇದೆ, ಅಷ್ಟೇ. ನ್ಯೂ ಗೇಮ್ ಒತ್ತಿದ ಕ್ಷಣ ಎಲ್ಲ ಕಾಯಿಗಳೂ ಆರಂಭದ ಜಾಗದಲ್ಲಿವೆ ಎಂದು ಅದು ನಂಬುತ್ತದೆ. ಅಲ್ಲಿಂದ ಮುಂದೆ ನೀವು ಯಾವ ಮನೆ ಒತ್ತಿದಿರಿ, ಆಮೇಲೆ ಯಾವುದನ್ನು ಒತ್ತಿದಿರಿ ಎಂಬ ಲೆಕ್ಕದ ಮೇಲೆ ತನ್ನ ನೆನಪಿನಲ್ಲಿ ಆಟ ನಡೆಸುತ್ತದೆ. ಮೇಜಿನ ಮೇಲಿನ ಆಟಕ್ಕೂ ಆ ನೆನಪಿನ ಆಟಕ್ಕೂ ಒಂದು ಮನೆಯಷ್ಟು ವ್ಯತ್ಯಾಸ ಬಂದರೂ ಸಾಕು, ಮುಂದಿನದೆಲ್ಲ ಎಡವಟ್ಟು. ಕೆಳಗಿನ ಹಂತಗಳೆಲ್ಲ ಇವೆರಡನ್ನೂ ಒಂದೇ ತೆರನಾಗಿ ಇಟ್ಟುಕೊಳ್ಳುವ ಬಗೆಗಳು.

## ಹಂತ 1: ನಿಮ್ಮದು ಯಾವ ಬಗೆಯ ಬೋರ್ಡು?

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಸೈಟೆಕ್, ನೋವಾಗ್, ಮೆಫಿಸ್ಟೊ ಹೆಸರಿನ ಹಳೆಯ ಬೋರ್ಡುಗಳಲ್ಲಿ ಬಹುಪಾಲು ಒತ್ತುವ ಮಾದರಿಯವು. ಮಿಲೇನಿಯಂ ಕಂಪನಿಯ ಚೆಸ್ ಜೀನಿಯಸ್ ಕೂಡ ಹಾಗೆಯೇ. ಅಂಚಿನಲ್ಲಿ ಸಾಲು ಮತ್ತು ಕಂಬಗಳಿಗೆ ಪುಟ್ಟ ದೀಪಗಳಿದ್ದು, ಖಾಲಿ ಮನೆಯನ್ನು ಬೆರಳಿನಿಂದ ಒತ್ತಿದಾಗ ಸ್ವಲ್ಪ ಒಳಗೆ ಹೋದಂತೆ ಅನ್ನಿಸಿದರೆ ಅದು ಈ ಜಾತಿ. ಈ ಬರಹ ಮುಖ್ಯವಾಗಿ ಇದರ ಬಗ್ಗೆ.

ಎರಡನೆಯ ಬಗೆ ಡಿಜಿಟಿ ಸೆಂಟಾರ್‌ನಂಥವು. ಕಾಯಿ ಎತ್ತಿದ್ದನ್ನೂ ಇಟ್ಟಿದ್ದನ್ನೂ ಅವು ತಾವಾಗಿ ಗುರುತಿಸುತ್ತವೆ, ಒತ್ತಬೇಕಿಲ್ಲ. ಮೂರನೆಯದು ಮುಂಬೈಯ ಸ್ಕ್ವೇರ್ ಆಫ್‌ನ ಕೆಲವು ಬೋರ್ಡುಗಳಂತೆ, ಅಡಿಯಲ್ಲಿ ಆಯಸ್ಕಾಂತ ಓಡಾಡಿಸಿ ತನ್ನ ಕಾಯಿಯನ್ನು ತಾನೇ ಸರಿಸುವುದು. ಇವೆರಡಕ್ಕೂ ಹಂತ 4, 7 ಮತ್ತು 8 ಹೆಚ್ಚುಕಡಿಮೆ ಅನ್ವಯಿಸುತ್ತವೆ. ಒತ್ತುವ ವಿಧಾನ ಮಾತ್ರ ಬೇಡ.

ಗುಂಡಿಗಳ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಒಂದರಲ್ಲಿ ಪ್ಲೇ ಎಂದಿದ್ದರೆ ಇನ್ನೊಂದರಲ್ಲಿ ಮೂವ್ ಅಥವಾ ಗೋ ಎಂದಿರುತ್ತದೆ. ಕಾಯಿಗಳನ್ನು ಬೇಕಾದ ಮನೆಗಳಲ್ಲಿ ಕೂರಿಸಲು ಬಳಸುವ ಪೊಸಿಷನ್ ಗುಂಡಿ ಸೆಟಪ್ ಆಗಿರಬಹುದು. ಕೈಪಿಡಿ ಕಳೆದಿದ್ದರೆ ಮಾಡೆಲ್ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ. ಹಳೆಯ ಮಾಡೆಲ್‌ಗಳ ಕೈಪಿಡಿಗಳೂ ಪಿಡಿಎಫ್ ರೂಪದಲ್ಲಿ ಸಿಗುವುದುಂಟು.

## ಹಂತ 2: ಬೇಕಾದ ಸಾಮಾನು

ಹೊಸ ಆಲ್ಕಲೈನ್ ಸೆಲ್‌ಗಳು, ಎಲ್ಲವೂ ಒಂದೇ ಕಂಪನಿಯವು, ಒಂದೇ ದಿನ ತೆರೆದವು. ನೆಟ್ಟಗೆ ಬಿಡಿಸಿದ ಒಂದು ಪೇಪರ್ ಕ್ಲಿಪ್. ಒಣ ಬಟ್ಟೆ, ಕಿವಿಗೆ ಬಳಸುವ ಹತ್ತಿಕಡ್ಡಿ. ನಡೆ ಬರೆದುಕೊಳ್ಳಲು ಕಾಗದ, ಪೆನ್ನು. ಕಾಗದ ಯಾಕೆ ಎಂದು ಮೂಗು ಮುರಿಯಬೇಡಿ. ಯಂತ್ರ ದಾರಿ ತಪ್ಪಿದಾಗ ಆಟವನ್ನು ಉಳಿಸಿಕೊಡುವುದು ಅದೇ.

## ಹಂತ 3: ವಿದ್ಯುತ್ತು, ಆಮೇಲೆ ರಿಸೆಟ್

ಸೆಲ್ ಹಾಕುವ ಮುನ್ನ ಪೆಟ್ಟಿಗೆಯೊಳಗಿನ ಸ್ಪ್ರಿಂಗ್‌ಗಳನ್ನು ನೋಡಿ. ಬಿಳಿ ಪುಡಿ ಅಥವಾ ಹಸಿರು ಕಲೆ ಇದ್ದರೆ ಹಿಂದಿನ ಸೆಲ್ ಸೋರಿದೆ. ಆಲ್ಕಲೈನ್ ಸೆಲ್ ಸೋರಿದ್ದಾದರೆ ಹತ್ತಿಕಡ್ಡಿಗೆ ಸ್ವಲ್ಪವೇ ವಿನೆಗರ್ ಹಚ್ಚಿ ಒರೆಸಿ, ನಂತರ ಒಣ ಕಡ್ಡಿಯಿಂದ ಒರೆಸಿ ಪೂರ್ತಿ ಆರಲು ಬಿಡಿ. ಆ ಪುಡಿಯನ್ನು ಬರಿಗೈಯಲ್ಲಿ ಕೆರೆಯಬೇಡಿ.

ರೀಚಾರ್ಜ್ ಸೆಲ್ ಹಾಕಿ ಉಳಿತಾಯ ಮಾಡಬಹುದೇ? ಲೆಕ್ಕ ಹಾಕಿ. ಸಾಮಾನ್ಯ ಸೆಲ್ 1.5 ವೋಲ್ಟ್, ನಿಕಲ್ ರೀಚಾರ್ಜ್ ಸೆಲ್ 1.2 ವೋಲ್ಟ್. ಆರು ಸೆಲ್ ಕೇಳುವ ಯಂತ್ರಕ್ಕೆ 9 ವೋಲ್ಟ್ ಬದಲು 7.2 ಸಿಗುತ್ತದೆ. ಕೆಲವು ಯಂತ್ರಗಳು ಹೊಂದಿಕೊಳ್ಳುತ್ತವೆ. ಇನ್ನು ಕೆಲವು ಆಟದ ನಡುವೆ ಹಲವು ದೀಪ ಒಟ್ಟಿಗೆ ಹೊತ್ತಿದಾಗ ಸ್ತಬ್ಧವಾಗುತ್ತವೆ. ಕೈಪಿಡಿ ಒಪ್ಪದಿದ್ದರೆ ಬೇಡ.

ಅಡಾಪ್ಟರ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅಮೆರಿಕದಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟ ಬೋರ್ಡಿನ ಜೊತೆ ಬಂದ ಅಡಾಪ್ಟರಿನ ಮೇಲೆ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ಅದನ್ನು ನಮ್ಮ 230 ವೋಲ್ಟ್ ಪ್ಲಗ್ಗಿಗೆ ಚುಚ್ಚಬಾರದು. ಪಿನ್ ಹೊಂದಿಸುವ ಕನ್ವರ್ಟರ್ ಹಾಕಿದರೂ ವೋಲ್ಟೇಜು ಇಳಿಯುವುದಿಲ್ಲ. 100ರಿಂದ 240 ಎಂದಿದ್ದರೆ ಭಯವಿಲ್ಲ. ಇಲ್ಲಿಯೇ ಕೊಳ್ಳುವುದಾದರೆ ವೋಲ್ಟೇಜ್ ಹೊಂದಿದರೆ ಸಾಲದು, ಬೋರ್ಡಿನ ತೂತಿನ ಪಕ್ಕದ ಚಿತ್ರದಲ್ಲಿ ನಡುವಿನ ಚುಕ್ಕೆಗೆ ಪ್ಲಸ್ ಇದೆಯೋ ಮೈನಸ್ ಇದೆಯೋ ಎಂದು ನೋಡಿ, ಅಡಾಪ್ಟರಿನ ಚಿತ್ರದಲ್ಲೂ ಅದೇ ಇರಬೇಕು. ಇದು ತಿರುಗಾ ಮುರುಗಾ ಆಗಿ ಸತ್ತ ಬೋರ್ಡನ್ನು ರಿಪೇರಿ ಅಂಗಡಿಯವರೂ ಮುಟ್ಟಲು ಹಿಂಜರಿಯುತ್ತಾರೆ.

ಸೆಲ್ ಹಾಕಿದರೂ ಪರದೆ ಅರ್ಧಂಬರ್ಧ ಅಕ್ಷರ ತೋರಿಸುತ್ತಿದೆಯೇ, ಯಾವ ಗುಂಡಿಗೂ ಓಗೊಡುತ್ತಿಲ್ಲವೇ? ಯಂತ್ರದ ತಳದಲ್ಲಿ ಎಸಿಎಲ್ ಅಥವಾ ರಿಸೆಟ್ ಎಂದು ಬರೆದ ಸೂಜಿತೂತು ಇದೆಯೇ ಹುಡುಕಿ. ಪೇಪರ್ ಕ್ಲಿಪ್‌ನಿಂದ ಒಂದೆರಡು ಸೆಕೆಂಡು ಮೆಲ್ಲಗೆ ಒತ್ತಿ. ನೆನಪೆಲ್ಲ ಅಳಿಸಿ ಯಂತ್ರ ಹೊಸದಾಗಿ ಏಳುತ್ತದೆ. ಸ್ಥಿರವಿದ್ಯುತ್ತಿನ ಸಣ್ಣ ಕಿಡಿ ತಗುಲಿದರೂ ಇಂಥ ಮೂರ್ಛೆ ಬರುವುದುಂಟು. ತೂತು ಇಲ್ಲದಿದ್ದರೆ ಸೆಲ್‌ಗಳನ್ನು ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿ.

## ಹಂತ 4: ಕಾಯಿ ಇಡುವುದು

ಬಿಳಿಯವರ ಎಡಗೈ ಕಡೆಯ ಮೂಲೆ ಮನೆ ಕಪ್ಪಾಗಿರಬೇಕು. ಅದೇ ಎ1. ಅಲ್ಲಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಮೇಲಕ್ಕೆ 1ರಿಂದ 8. ಬಿಳಿ ಮಂತ್ರಿ ಡಿ1ರಲ್ಲಿ, ಬಿಳಿ ರಾಜ ಇ1ರಲ್ಲಿ. ಕಪ್ಪು ಮಂತ್ರಿ ಡಿ8, ಕಪ್ಪು ರಾಜ ಇ8. ಅಂದರೆ ರಾಜ ರಾಜನಿಗೆ ಎದುರು, ಮಂತ್ರಿ ಮಂತ್ರಿಗೆ ಎದುರು.

ಮನೆಯಲ್ಲಿ ಅಜ್ಜನಿಂದಲೋ ಮಾವನಿಂದಲೋ ಆಟ ಕಲಿತವರು ಇಲ್ಲಿ ಎಡವುತ್ತಾರೆ. ನಮ್ಮ ಹಳೆಯ ಮನೆ ಆಟದಲ್ಲಿ ಒಬ್ಬರ ರಾಜನ ಎದುರು ಇನ್ನೊಬ್ಬರ ಮಂತ್ರಿ ಕೂರುವ ಪದ್ಧತಿ ಹಲವೆಡೆ ಇತ್ತು. ಯಂತ್ರಕ್ಕೆ ಅದು ಗೊತ್ತಿಲ್ಲ. ಹಾಗೆಯೇ ಮೊದಲ ಸಲಕ್ಕೆ ಎರಡು ಕಾಲಾಳುಗಳನ್ನು ಒಂದೊಂದು ಮನೆ ನಡೆಸುವುದು, ರಾಜನಿಗೆ ಆಟಕ್ಕೊಮ್ಮೆ ಕುದುರೆ ಜಿಗಿತ ಕೊಡುವುದು, ಕಾಲಾಳು ಕೊನೆ ಮುಟ್ಟಿದರೆ ಆ ಕಂಬದ ಕಾಯಿಯೇ ಆಗುವುದು ಇವೆಲ್ಲ ಮನೆಯ ನಿಯಮಗಳು. ಯಂತ್ರ ಅಂತರರಾಷ್ಟ್ರೀಯ ನಿಯಮವನ್ನಷ್ಟೇ ಬಲ್ಲದು. ಸರಿಯಾಗಿ ಒತ್ತಿದರೂ ನಡೆ ಒಪ್ಪುತ್ತಿಲ್ಲ ಎಂದಾದರೆ ಮೊದಲು ಈ ಪಟ್ಟಿ ನೆನಪಿಸಿಕೊಳ್ಳಿ.

ಇನ್ನೊಂದು ತಪ್ಪು ಕಪ್ಪು ಆಡಬೇಕೆನ್ನುವವರದು. ಅವರು ಕಪ್ಪು ಕಾಯಿಗಳನ್ನು ತಮ್ಮ ಕಡೆ, ಅಂದರೆ 1 ಮತ್ತು 2ನೆಯ ಸಾಲಿನಲ್ಲಿ ಇಟ್ಟುಬಿಡುತ್ತಾರೆ. ಯಂತ್ರದ ನೆನಪಿನಲ್ಲಿ ಅಲ್ಲಿರುವುದು ಬಿಳಿ. ಕಾಯಿಗಳನ್ನು ಎಂದಿನಂತೆಯೇ ಇಟ್ಟು, ಬೋರ್ಡನ್ನೇ ತಿರುಗಿಸಿ ಕೂತು, ನ್ಯೂ ಗೇಮ್ ಆದ ಮೇಲೆ ಪ್ಲೇ ಗುಂಡಿ ಒತ್ತಿ. ಯಂತ್ರ ಬಿಳಿಯ ಮೊದಲ ನಡೆ ತೋರಿಸುತ್ತದೆ. ಗುಂಡಿ ಮತ್ತು ಪರದೆ ತಲೆಕೆಳಗಾಗಿ ಕಾಣುವುದು ಕಿರಿಕಿರಿ, ನಿಜ. ಕೆಲವು ಮಾಡೆಲ್‌ಗಳಲ್ಲಿ ಬಿಳಿಯನ್ನು ಮೇಲಿನಿಂದ ಆಡಿಸುವ ಆಯ್ಕೆ ಇದೆ. ಅದನ್ನು ಆರಿಸಿದರೆ ಮಾತ್ರ ಕಾಯಿಗಳನ್ನು ಅದಲು ಬದಲು ಮಾಡಿ.

## ಹಂತ 5: ಮೊದಲ ನಡೆ

ನ್ಯೂ ಗೇಮ್ ಒತ್ತಿ. ಪ್ರತಿ ಸಲವೂ. ಹಲವು ಯಂತ್ರಗಳು ಆಫ್ ಮಾಡಿದರೂ ಹಿಂದಿನ ಆಟವನ್ನು ನೆನಪಿಟ್ಟುಕೊಳ್ಳುತ್ತವೆ. ಆನ್ ಮಾಡಿದ ಕೂಡಲೇ ಹೊಸ ಆಟ ಎಂದುಕೊಂಡು ಇ2ರ ಕಾಲಾಳು ಒತ್ತಿದರೆ, ಅಲ್ಲಿ ಕಾಲಾಳೇ ಇಲ್ಲ ಎನ್ನುತ್ತದೆ ಯಂತ್ರ. ಅದರ ಪ್ರಕಾರ ನಿನ್ನೆಯೇ ಅದು ಹೊಡೆದುಹೋಗಿದೆ.

ಈಗ ಇ2ರ ಕಾಲಾಳನ್ನು ಹಿಡಿದು, ಅದರ ತಳದ ಅಂಚಿನಿಂದ ಅದೇ ಮನೆಯ ನಡುವೆ ಮೆತ್ತಗೆ ಒತ್ತಿ. ಒಂದು ಸದ್ದು, ಇ ಮತ್ತು 2ರ ದೀಪಗಳು. ಕಾಯಿ ಎತ್ತಿ ಇ4ರಲ್ಲಿಟ್ಟು ಅಲ್ಲಿಯೂ ಒತ್ತಿ. ಇನ್ನೊಂದು ಸದ್ದು. ನಡೆ ಮುಗಿಯಿತು.

ಎರಡನೆಯ ಸದ್ದು ಕೇಳುವವರೆಗೆ ಕೈ ಬಿಡಬೇಡಿ. ಸದ್ದು ಬರದೆ ಕೈ ಬಿಟ್ಟು ಯಂತ್ರ ಯೋಚಿಸುತ್ತಿದೆ ಎಂದು ಕಾಯುತ್ತ ಕೂರುವವರು ಬಹಳ. ಯಂತ್ರವೂ ನಿಮಗಾಗಿ ಕಾಯುತ್ತಿರುತ್ತದೆ. ಮನೆಯ ಮೂಲೆಗೆ ಒತ್ತಿದರೆ ಪಕ್ಕದ ಸ್ವಿಚ್ ತಗುಲಬಹುದು. ಗುದ್ದಿ ಒತ್ತಿದರೆ ಒಂದೇ ಒತ್ತನ್ನು ಎರಡೆಂದು ಎಣಿಸಬಹುದು, ಆಗ ಕಾಯಿಯ ಆಯ್ಕೆಯೇ ರದ್ದಾಗುತ್ತದೆ. ತಪ್ಪು ಕಾಯಿ ಒತ್ತಿದ್ದಾದರೆ ಅದೇ ಮನೆಯನ್ನು ಮತ್ತೊಮ್ಮೆ ಒತ್ತಿ, ದೀಪ ಆರುತ್ತದೆ.

## ಹಂತ 6: ಯಂತ್ರದ ನಡೆಯನ್ನು ನೀವೇ ಆಡಿಕೊಡುವುದು

ಎಲ್ಲಕ್ಕಿಂತ ಹೆಚ್ಚು ಆಟಗಳು ಕೆಡುವುದು ಈ ಹಂತದಲ್ಲಿ. ಯಂತ್ರ ತನ್ನ ನಡೆ ನಿರ್ಧರಿಸಿ ಇ ಮತ್ತು 7ರ ದೀಪ ಹೊತ್ತಿಸುತ್ತದೆ. ನೀವು ಇ7ರ ಕಪ್ಪು ಕಾಲಾಳಿನಿಂದ ಆ ಮನೆ ಒತ್ತಬೇಕು. ಆಗ ತಲುಪುವ ಮನೆಯ ದೀಪ, ಉದಾಹರಣೆಗೆ ಇ5, ಹೊತ್ತುತ್ತದೆ. ಅಲ್ಲಿಟ್ಟು ಒತ್ತಿ. ಇಷ್ಟಾದ ಮೇಲೆಯೇ ನಿಮ್ಮ ಸರದಿ.

ಪರದೆಯ ಮೇಲೆ ನಡೆ ಓದಿ, ಕಾಯಿಯನ್ನು ಒತ್ತದೆ ಎತ್ತಿಟ್ಟು, ಸೀದಾ ತಮ್ಮ ನಡೆಗೆ ಹೋಗುವುದೇ ಸಾಮಾನ್ಯ ತಪ್ಪು. ಯಂತ್ರ ಆಗ ನಿಮ್ಮ ಒತ್ತನ್ನು ತಪ್ಪು ಎಂದು ತಳ್ಳುತ್ತದೆ. ಗಾಬರಿಯಲ್ಲಿ ನಾಲ್ಕಾರು ಮನೆ ಒತ್ತಬೇಡಿ. ಯಾವ ದೀಪ ಹೊತ್ತಿದೆಯೋ ಅದೇ ಮನೆ ಒತ್ತಿ.

## ಹಂತ 7: ಹೊಡೆತ, ಕ್ಯಾಸ್ಲಿಂಗ್, ಎನ್ ಪ್ಯಾಸೆಂಟ್, ಬಡ್ತಿ

ಹೊಡೆಯುವಾಗ ನಿಮ್ಮ ಕಾಯಿ ಇರುವ ಮನೆ ಒತ್ತಿ, ಎದುರಾಳಿ ಕಾಯಿಯನ್ನು ಒತ್ತದೆ ಎತ್ತಿ ಪಕ್ಕಕ್ಕಿಟ್ಟು, ಆ ಮನೆಯನ್ನು ನಿಮ್ಮ ಕಾಯಿಯಿಂದ ಒತ್ತಿ. ಎರಡೇ ಒತ್ತು. ಹೊಡೆದ ಕಾಯಿಯನ್ನು ಮೊದಲು ಒತ್ತಿದರೆ ಗೊಂದಲ.

ಕ್ಯಾಸ್ಲಿಂಗ್ ಎಂದರೆ ರಾಜ ಆನೆಯ ಕಡೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುವ ನಡೆ. ಇದರಲ್ಲಿ ರಾಜ ಮೊದಲು. ಇ1 ಒತ್ತಿ, ಜಿ1 ಒತ್ತಿ. ಆಗ ಯಂತ್ರ ಎಚ್1 ದೀಪ ತೋರಿಸುತ್ತದೆ. ಆನೆಯಿಂದ ಎಚ್1 ಒತ್ತಿ, ಎಫ್1 ಒತ್ತಿ. ಆನೆಯನ್ನು ಮೊದಲು ಸರಿಸಿದರೆ ಅದು ಬರೀ ಆನೆಯ ನಡೆ ಎಂದು ಲೆಕ್ಕ, ಯಂತ್ರ ಕೂಡಲೇ ಉತ್ತರದ ನಡೆ ಹುಡುಕತೊಡಗುತ್ತದೆ. ಟೇಕ್ ಬ್ಯಾಕ್, ಅಂದರೆ ಆಡಿದ ನಡೆಯನ್ನು ಹಿಂತೆಗೆಯುವುದು, ಮಾಡದೆ ಬೇರೆ ದಾರಿಯಿಲ್ಲ.

ಎನ್ ಪ್ಯಾಸೆಂಟ್ ಗೊತ್ತಿಲ್ಲದವರಿಗೆ ಯಂತ್ರ ಮೋಸ ಮಾಡಿದಂತೆ ಕಾಣುತ್ತದೆ. ನಿಮ್ಮ ಕಾಲಾಳು ಎರಡು ಮನೆ ಹಾರಿ ಯಂತ್ರದ ಕಾಲಾಳಿನ ಪಕ್ಕ ನಿಂತಾಗ, ನಿಮ್ಮ ಕಾಲಾಳು ಒಂದೇ ಮನೆ ಹೋಗಿದ್ದರೆ ಹೇಗೋ ಹಾಗೆ, ಯಂತ್ರದ ಕಾಲಾಳು ಮರುನಡೆಯಲ್ಲೇ ಅದನ್ನು ಓರೆಯಾಗಿ ಹೊಡೆಯಬಹುದು. ಒತ್ತುವಾಗ ಮೂರನೆಯ ಒತ್ತು ಬೇಕು, ಎತ್ತಬೇಕಾದ ಕಾಲಾಳಿನ ಮನೆಗೆ. ಹೊಡೆದವನು ನಿಂತ ಮನೆ ಮತ್ತು ಹೊಡೆಸಿಕೊಂಡವನು ಇದ್ದ ಮನೆ ಬೇರೆ ಬೇರೆ ಆದ್ದರಿಂದ ಯಂತ್ರ ಆ ಮನೆಯ ದೀಪ ಹೊತ್ತಿಸಿ ಕಾಯುತ್ತದೆ.

ಇದನ್ನು ಅಭ್ಯಾಸ ಮಾಡಲು ಯಂತ್ರ ಉತ್ತರ ಕೊಡದಂತೆ ಮಾಡುವ ಆಯ್ಕೆ ಹುಡುಕಿ. ರೆಫರಿ, ಮಲ್ಟಿ ಮೂವ್, ನಾನ್ ಆಟೊ ಎಂಬ ಹೆಸರುಗಳಲ್ಲಿ ಅದು ಇರುತ್ತದೆ. ಆಮೇಲೆ ಎರಡೂ ಕಡೆ ನೀವೇ ಆಡಿ: ಬಿಳಿ ಇ2ರಿಂದ ಇ4, ಕಪ್ಪು ಎ7ರಿಂದ ಎ6, ಬಿಳಿ ಇ4ರಿಂದ ಇ5, ಕಪ್ಪು ಡಿ7ರಿಂದ ಡಿ5, ಬಿಳಿ ಇ5ರಿಂದ ಡಿ6. ಈಗ ಡಿ5 ದೀಪ ಹೊತ್ತಬೇಕು. ಅಲ್ಲಿನ ಕಪ್ಪು ಕಾಲಾಳಿನಿಂದ ಒತ್ತಿ, ಎತ್ತಿಬಿಡಿ. ಆಟ ಮುಗಿದ ಮೇಲೆ ಈ ಆಯ್ಕೆಯನ್ನು ತೆಗೆಯಲು ಮರೆತರೆ, ಯಂತ್ರ ಎಷ್ಟು ಹೊತ್ತಾದರೂ ಆಡುವುದಿಲ್ಲ.

ಬಡ್ತಿಯಲ್ಲಿ ಕಾಲಾಳು ಕೊನೆಯ ಸಾಲು ಮುಟ್ಟಿದಾಗ ಕೆಲವು ಯಂತ್ರಗಳು ಅದನ್ನು ತಾವಾಗಿ ಮಂತ್ರಿ ಎಂದುಕೊಳ್ಳುತ್ತವೆ, ಕೆಲವು ಕಾಯಿಯ ಗುಂಡಿ ಒತ್ತಲು ಹೇಳುತ್ತವೆ. ಯಂತ್ರ ಬಡ್ತಿ ಪಡೆದಾಗ ಪರದೆ ನೋಡಿ, ಅದು ಆರಿಸಿದ ಕಾಯಿಯನ್ನೇ ಇಡಿ. ಚಿತ್ರದ ಬದಲು ಅಕ್ಷರಗಳಿದ್ದರೆ ಇಂಗ್ಲಿಷಿನ ಕೆ ರಾಜ, ಕ್ಯೂ ಮಂತ್ರಿ, ಆರ್ ಆನೆ, ಬಿ ಒಂಟೆ, ಎನ್ ಕುದುರೆ, ಪಿ ಕಾಲಾಳು. ಜರ್ಮನಿಯಿಂದ ಬಂದ ಯಂತ್ರ ಜರ್ಮನ್ ಭಾಷೆಯಲ್ಲೇ ಇದ್ದರೆ ಡಿ ಮಂತ್ರಿ, ಟಿ ಆನೆ, ಎಲ್ ಒಂಟೆ, ಎಸ್ ಕುದುರೆ. ಅದರಲ್ಲಿ ಬಿ ಎಂದರೆ ಕಾಲಾಳು, ಮರೆಯಬೇಡಿ.

## ಹಂತ 8: ಲೆವೆಲ್ ಆರಿಸುವುದು

ಲೆವೆಲ್ ಎಂದರೆ ಕಷ್ಟದ ಮೆಟ್ಟಿಲು ಮಾತ್ರ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಯಂತ್ರಕ್ಕೆ ಕೊಡುವ ಸಮಯ: ನಡೆಗೆ ಸರಾಸರಿ 5 ಸೆಕೆಂಡು, 15 ಸೆಕೆಂಡು, ಒಂದು ನಿಮಿಷ ಹೀಗೆ. ಕಲಿಯುವವರಿಗೆ ಬೇಕಾದ್ದು ಬೇರೆ ಗುಂಪು. ಫನ್, ಈಸಿ, ಬಿಗಿನರ್ ಎಂಬ ಹೆಸರಿನ ಆ ಲೆವೆಲ್‌ಗಳಲ್ಲಿ ಯಂತ್ರ ಬೇಕೆಂದೇ ತಪ್ಪು ಮಾಡುತ್ತದೆ. ಮಕ್ಕಳನ್ನು ಅಲ್ಲೇ ಕೂರಿಸಿ. ನಡೆಗೆ 5 ಸೆಕೆಂಡಿನ ಲೆವೆಲ್ ಸುಲಭ ಎಂದುಕೊಂಡು ಮಗುವನ್ನು ಕೂರಿಸಿದರೆ ವಾರದೊಳಗೆ ಬೋರ್ಡು ಮಂಚದ ಕೆಳಗೆ ಸೇರುತ್ತದೆ.

ಇನ್ಫಿನಿಟ್ ಲೆವೆಲ್‌ನಲ್ಲಿ ನೀವು ಪ್ಲೇ ಒತ್ತಿ ನಿಲ್ಲಿಸುವವರೆಗೆ ಯಂತ್ರ ಯೋಚಿಸುತ್ತಲೇ ಇರುತ್ತದೆ. ಮೇಟ್, ಅಂದರೆ ರಾಜನಿಗೆ ತಪ್ಪಿಸಿಕೊಳ್ಳಲಾಗದ ಹೊಡೆತ, ಹುಡುಕುವ ಲೆವೆಲ್‌ ಕೂಡ ಸಾಧಾರಣ ಆಟದಲ್ಲಿ ಗಂಟೆಗಟ್ಟಲೆ ಒದ್ದಾಡೀತು. ಹ್ಯಾಂಗ್ ಆಗಿದೆ ಎಂಬ ದೂರುಗಳಲ್ಲಿ ಹಲವು ಇವೇ.

ಲೆವೆಲ್ ಬದಲಿಸಿದ ಮೇಲೆ ಆ ಮೋಡಿನಿಂದ ಹೊರಬನ್ನಿ. ಹಲವು ಬೋರ್ಡುಗಳಲ್ಲಿ ಲೆವೆಲ್ ಒತ್ತಿ ಒಂದು ಮನೆ ಒತ್ತಿದರೆ ಲೆವೆಲ್ ಆಯ್ಕೆಯಾಗುತ್ತದೆ, ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಮುಗಿಸಬೇಕು. ಮುಗಿಸದೆ ಇ2 ಒತ್ತಿದರೆ ನಡೆಯ ಬದಲು ಲೆವೆಲ್ ಮತ್ತೆ ಬದಲಾಗುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾದ ಎಲೋ ಅಂಕವನ್ನು, ಅಂದರೆ ಆಟದ ಬಲ ಅಳೆಯುವ ಅಂಕವನ್ನು, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಕೊಡುವ ರೇಟಿಂಗಿನ ಜೊತೆ ಹೋಲಿಸಿ ಬೀಗಬೇಡಿ, ಕುಗ್ಗಲೂ ಬೇಡಿ. ಅದು ಮಾರುವವರ ಅಂದಾಜು.

## ಹಂತ 9: ಆಟ ತಪ್ಪಿತೆನ್ನಿಸಿದಾಗ

ಮೊದಲು ಕೈ ಹಿಂದಕ್ಕೆ ತೆಗೆಯಿರಿ. ಬೆಕ್ಕು ಹಾರಿ ಕಾಯಿಗಳು ಚೆಲ್ಲಿದ್ದರೂ ಯಂತ್ರದ ನೆನಪಿನಲ್ಲಿ ಆಟ ಸುರಕ್ಷಿತ. ವೆರಿಫೈ ಸೌಲಭ್ಯ ಬಳಸಿ: ರಾಜನ ಗುಂಡಿ ಒತ್ತಿದರೆ ರಾಜನಿರುವ ಮನೆಯ ದೀಪ, ಮತ್ತೆ ಒತ್ತಿದರೆ ಇನ್ನೊಬ್ಬ ರಾಜ, ಹೀಗೆ ಒಂದೊಂದೇ ಕಾಯಿಯ ಜಾಗ ತೋರಿಸುತ್ತದೆ. ಯಂತ್ರ ಹೇಳಿದಂತೆ ಕಾಯಿ ಜೋಡಿಸಿ. ಅದರ ಆಟವೇ ತಪ್ಪಾಗಿದ್ದರೆ ಬರೆದಿಟ್ಟ ಕಾಗದ ನೋಡಿ, ಸರಿಯಿದ್ದ ನಡೆಯವರೆಗೆ ಟೇಕ್ ಬ್ಯಾಕ್ ಮಾಡುತ್ತ ಬನ್ನಿ. ಪ್ರತಿ ಹಿನ್ನಡೆಯನ್ನೂ ಒತ್ತಿ ತೋರಿಸಬೇಕು, ಹೊಡೆದ ಕಾಯಿಯನ್ನು ವಾಪಸು ಇಡಲು ಮರೆಯಬಾರದು.

ನಿಮ್ಮ ಸರದಿಯಲ್ಲಿ ಪ್ಲೇ ಒತ್ತಿಬಿಟ್ಟರೆ ಯಂತ್ರ ನಿಮ್ಮ ಪರವಾಗಿ ಆಡಿ ಪಕ್ಷ ಬದಲಿಸಿಕೊಳ್ಳುತ್ತದೆ. ಮತ್ತೊಮ್ಮೆ ಪ್ಲೇ ಒತ್ತಿದರೆ ಪಕ್ಷ ಮೊದಲಿನಂತಾಗುತ್ತದೆ. ಸಲಹೆ ಬೇಕಿದ್ದರೆ ಹಿಂಟ್ ಅಥವಾ ಇನ್ಫೋ ಗುಂಡಿ ಬಳಸಿ.

## ಹಂತ 10: ಪತ್ರಿಕೆಯ ಸಮಸ್ಯೆಯನ್ನು ಬೋರ್ಡಿನಲ್ಲಿ ಕೂರಿಸುವುದು

ಕ್ರಮ ಹೀಗೆ: ಪೊಸಿಷನ್ ಗುಂಡಿ, ಕ್ಲಿಯರ್, ಬಣ್ಣದ ಆಯ್ಕೆ, ಕಾಯಿಯ ಗುಂಡಿ, ಮನೆಗೆ ಒತ್ತು. ಬಿಳಿಯವನ್ನೆಲ್ಲ ಮುಗಿಸಿ ಬಣ್ಣ ಬದಲಿಸಿ ಕಪ್ಪಿಗೆ ಹೋಗಿ. ಕೊನೆಗೆ ಯಾರ ಸರದಿ ಎಂದು ತಿಳಿಸಿ ಹೊರಬನ್ನಿ. ಬಹುತೇಕ ಯಂತ್ರಗಳಲ್ಲಿ ಕೊನೆಗೆ ಪರದೆಯಲ್ಲಿ ಉಳಿದ ಬಣ್ಣವೇ ಸರದಿಯ ಬಣ್ಣ. ಕಪ್ಪು ಕಾಯಿ ಇಟ್ಟು ಮುಗಿಸಿದವರು ಹಾಗೆಯೇ ಹೊರಬಂದು, ಬಿಳಿ ಆಡಬೇಕಾದ ಸಮಸ್ಯೆಯನ್ನು ಕಪ್ಪಿನಿಂದ ಆಡಿಸಿ ಉತ್ತರವೇ ಇಲ್ಲ ಎಂದು ಕೈಬಿಡುತ್ತಾರೆ.

ಪ್ರಯೋಗಕ್ಕೆ ಮೂರೇ ಕಾಯಿ ಸಾಕು. ಬಿಳಿ ರಾಜ ಇ6, ಬಿಳಿ ಆನೆ ಎ1, ಕಪ್ಪು ರಾಜ ಇ8, ಬಿಳಿಯ ಸರದಿ. ಪ್ಲೇ ಒತ್ತಿದ ಕೂಡಲೇ ಆನೆ ಎ8ಕ್ಕೆ ಹೋಗಿ ಮೇಟ್ ಆಗಬೇಕು. ಆಗದಿದ್ದರೆ ಬಣ್ಣ ಅಥವಾ ಸರದಿ ತಪ್ಪಿದೆ.

ಯಂತ್ರ ಪೊಸಿಷನ್ ಮೋಡಿನಿಂದ ಹೊರಬರಲು ಒಪ್ಪದಿದ್ದರೆ ಕಾರಣ ಇವುಗಳಲ್ಲೊಂದು: ಒಂದು ಬಣ್ಣಕ್ಕೆ ರಾಜನೇ ಇಲ್ಲ ಅಥವಾ ಇಬ್ಬರಾಗಿದ್ದಾರೆ, ಕಾಲಾಳು ಮೊದಲ ಇಲ್ಲವೇ ಎಂಟನೆಯ ಸಾಲಿನಲ್ಲಿದೆ, ಸರದಿ ಇಲ್ಲದವನ ರಾಜ ಆಗಲೇ ಎದುರಾಳಿಯ ಹೊಡೆತಕ್ಕೆ ಸಿಕ್ಕಿ ಚೆಕ್‌ನಲ್ಲಿದ್ದಾನೆ.

ಇದೇ ಮೋಡು ಸ್ವಿಚ್ ಪರೀಕ್ಷೆಗೂ ಒಳ್ಳೆಯದು. ಬೋರ್ಡು ಖಾಲಿ ಮಾಡಿ ಆನೆ ಆರಿಸಿ 64 ಮನೆಗಳನ್ನೂ ಸಾಲಾಗಿ ಒತ್ತುತ್ತ ಹೋಗಿ. ಸದ್ದು ಬರದ ಮನೆಗೆ ಗುರುತು ಹಾಕಿ. ಹಳೆಯ ಬೋರ್ಡು ಕೊಳ್ಳುವಾಗ ಮಾರುವವರ ಮುಂದೆಯೇ ಇದನ್ನು ಮಾಡಿ, ಮುಜುಗರ ಪಡಬೇಡಿ. ಒಂದೇ ಮನೆ ಸತ್ತಿದ್ದರೆ ಅದೊಂದು ಸ್ವಿಚ್ಚಿನ ದೋಷ. ಒಂದಿಡೀ ಸಾಲು ಅಥವಾ ಕಂಬ ಸತ್ತಿದ್ದರೆ ಒಳಗಿನ ಸಂಪರ್ಕ ಕಿತ್ತಿದೆ, ಬಿಚ್ಚದೆ ಸರಿಹೋಗದು.

## ಎಚ್ಚರಿಕೆಯ ಲಕ್ಷಣಗಳು

ದೀಪ ಮಂಕಾಗುವುದು, ಸದ್ದು ಗೊಗ್ಗರಾಗುವುದು, ಯೋಚಿಸುವಾಗ ಪರದೆ ಮಾಸುವುದು, ಆಫ್ ಮಾಡಿ ಆನ್ ಮಾಡಿದರೆ ಆಟ ಮರೆತಿರುವುದು ಇವೆಲ್ಲ ಸೆಲ್ ಸೋತ ಸೂಚನೆ. ನಿಮ್ಮ ಸರದಿಯಲ್ಲೂ ಯಂತ್ರ ಯೋಚಿಸುವ ಆಯ್ಕೆ ಆನ್ ಇದ್ದರೆ ಸೆಲ್ ಬೇಗ ಮುಗಿಯುತ್ತದೆ. ಪ್ರಯಾಣದಲ್ಲಿ ಅದನ್ನು ಆಫ್ ಮಾಡಿ.

ಅಡಾಪ್ಟರ್ ಕೈಯಿಡಲಾಗದಷ್ಟು ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ತಕ್ಷಣ ಕೀಳಿ. ಆ ಅಡಾಪ್ಟರನ್ನು ಮತ್ತೆ ಬಳಸಬೇಡಿ.

ಒತ್ತದೆಯೇ ಒಂದು ಮನೆಯ ಸದ್ದು ಬರುತ್ತಿದ್ದರೆ ಮೇಲ್ಮೈ ತಗ್ಗಿದೆ. ಅಟ್ಟದಲ್ಲಿ ಬೋರ್ಡಿನ ಮೇಲೆ ಪುಸ್ತಕದ ರಾಶಿ ಇಟ್ಟವರಿಗೆ ಇದು ಸಿಗುವ ಉಡುಗೊರೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಸ್ವಿಚ್‌ಗಳು ಮಂದವಾಗಬಹುದು. ಬಿಸಿಲಿಗೆ ಒಡ್ಡಬೇಡಿ, ಪ್ಲಾಸ್ಟಿಕ್ ಬಾಗುತ್ತದೆ. ಒಣ ಕೋಣೆಯಲ್ಲಿ ಒಂದೆರಡು ದಿನ ಬಿಟ್ಟು, ಮಂದವಾದ ಮನೆಗಳನ್ನು ಹತ್ತಿಪ್ಪತ್ತು ಸಲ ಮೆತ್ತಗೆ ಒತ್ತಿ ನೋಡಿ.

ತಿಂಗಳುಗಟ್ಟಲೆ ಆಡುವುದಿಲ್ಲವೆಂದಾದರೆ ಸೆಲ್ ತೆಗೆದಿಡಿ. ನಡುವೆ ನಿಂತ ಆಟವಿದ್ದರೆ ಅದರ ಪೊಸಿಷನ್ ಮತ್ತು ಯಾರ ಸರದಿ ಎಂಬುದನ್ನು ಬರೆದು ಆ ಚೀಟಿಯನ್ನು ಸೆಲ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಡಿ. ಮತ್ತೆ ಆಡಲು ಕೂತಾಗ ಹಂತ 10ರಂತೆ ಅದನ್ನು ಕೂರಿಸಿ ಮುಂದುವರಿಸಬಹುದು.